ಸ್ಪೀಕರಿನೊಳಗಿನ ಉಣ್ಣೆ

ಮಗಳ ಸೆಪ್‌ನಲ್ಲಿ, ಅಂದರೆ ಬಳುವಳಿಯಲ್ಲಿ, ಸ್ಪೀಕರ್ ಪೆಟ್ಟಿಗೆ ಕಳಿಸಿಕೊಟ್ಟ ತಾಯಿ ನಮ್ಮ ಇಡೀ ಕೊಚ್ಕೋರ್ ಊರಿನಲ್ಲಿ ನಾನೊಬ್ಬಳೇ. ಬೇರೆ ತಾಯಂದಿರು ಹಾಸಿಗೆ, ಕೌದಿ, ದಿಂಬು, ಕಂಬಳಿ, ಬೀರು ಕೊಟ್ಟು ಕಳಿಸುತ್ತಾರೆ. ನಾನೂ ಕೊಟ್ಟೆ, ಯಾರಿಗೂ ಕಡಿಮೆಯಿಲ್ಲದಂತೆ ಕೊಟ್ಟೆ. ಆದರೂ ನಮ್ಮ ಬೀದಿಯ ಹೆಂಗಸರು ಇವತ್ತಿಗೂ ಬಾಯಿ ತೆರೆದರೆ ಮಾತಾಡುವುದು ಆ ಎರಡು ಪೆಟ್ಟಿಗೆಗಳ ಬಗ್ಗೆ, ಅದರಲ್ಲೂ ಅವುಗಳ ಹೊಟ್ಟೆಯೊಳಗಿದ್ದ ಉಣ್ಣೆಯ ಬಗ್ಗೆ. ಒಬ್ಬೊಬ್ಬರದು ಒಂದೊಂದು ಕತೆ. ಒಬ್ಬಳಂತೂ ಒಳಗೆ ಜೀವಂತ ಕುರಿಮರಿಯೇ ಇತ್ತೆಂದು ಹೇಳಿಕೊಂಡು ಬಂದಿದ್ದಾಳೆ. ನಡೆದದ್ದು ಏನೆಂದು ನಾನು ಹೇಳುತ್ತೇನೆ, ಕೇಳಿ.

ನಮ್ಮ ಮುದುಕ ಊರಿನ ಕ್ಲಬ್ಬಿನಲ್ಲಿ ಹಾಡು ಹಾಕುವ ಕೆಲಸದಲ್ಲಿದ್ದವನು. ಗಂಡನ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವ ಪದ್ಧತಿಯಿಲ್ಲ. ಎದುರಿಗೆ ‘ಮೀರಿಮಳ ಅಪ್ಪ’, ಬೆನ್ನ ಹಿಂದೆ ‘ಮುದುಕ’, ಅಷ್ಟೇ. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಕುಣಿತ ನಡೆಯುತ್ತಿತ್ತು. ವೇದಿಕೆಯ ಆ ಕಡೆಗೊಂದು ಈ ಕಡೆಗೊಂದು ಕರಿಯ ಪೆಟ್ಟಿಗೆ. ಸೋವಿಯತ್ ಕಾಲದವು. ದೇಶ ಹೋಯಿತು, ಪೆಟ್ಟಿಗೆಗಳು ಉಳಿದವು. ಅವುಗಳ ಸದ್ದಿಗೆ ನಮ್ಮ ಹುಡುಗರು ಕುಣಿದರು, ಪ್ರೀತಿಸಿದರು, ಹೊಡೆದಾಡಿದರು, ಮದುವೆಯೂ ಆದರು.

ನಮ್ಮ ಮೀರಿಮ್‌ಗೆ ಎರಡು ವರ್ಷವಾಗಿದ್ದಾಗ ಜ್ವರ ಬಂತು. ಜ್ವರ ಹೋಗುವಾಗ ಅವಳ ಕಿವಿಯನ್ನೂ ಕೊಂಡುಹೋಯಿತು. ಅತ್ತೆವು, ಹರಕೆ ಹೊತ್ತೆವು, ಬಿಶ್ಕೆಕ್ಕಿನ ಡಾಕ್ಟರ ಬಾಗಿಲು ಕಾದೆವು. ಹುಡುಗಿ ಮಾತ್ರ ನಮ್ಮಷ್ಟು ಅಳಲಿಲ್ಲ. ಒಂದು ಶನಿವಾರ ಅಪ್ಪನ ಜೊತೆ ಕ್ಲಬ್ಬಿಗೆ ಹೋದವಳು ಆ ಕರಿಯ ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಳಂತೆ. ಕೂತವಳ ಕಣ್ಣು ಅರಳಿತು. ಅಂದಿನಿಂದ ಪ್ರತಿ ಶನಿವಾರ ಅದೇ ಅವಳ ಜಾಗ. ಕುಣಿತ ಮುಗಿದ ಮೇಲೆ ಅಪ್ಪ ಅವಳನ್ನು ಹೆಗಲಮೇಲೆ ಹೊತ್ತು ತರುತ್ತಿದ್ದ, ಅವಳು ಅವನ ತಲೆಯ ಮೇಲೆ ತಾಳ ಹಾಕುತ್ತಾ ಬರುತ್ತಿದ್ದಳು.

ಆಮೇಲೆ ನಗರದ ಶಾಲೆಗೆ ಹೋದಳು, ಕೈಮಾತು ಕಲಿತಳು, ಹೊಲಿಗೆ ಕಲಿತಳು. ರಜೆಗೆ ಬಂದಾಗ ನಮಗೂ ಕೈಮಾತು ಕಲಿಸಿದಳು. ಅವರಪ್ಪ ಬೇಗ ಕಲಿತ. ನನ್ನ ಕೈ ಇವತ್ತಿಗೂ ತೊದಲುತ್ತದೆ. ಬಾಯಿ ಜೋರಿದ್ದವರ ಕೈ ಸೋಮಾರಿ ಎಂದು ಅವಳು ನನ್ನನ್ನು ಅಣಕಿಸುತ್ತಾಳೆ.

ಅವಳ ಬಗ್ಗೆ ಒಂದು ಸಂಗತಿ ನನ್ನನ್ನು ಬಹಳ ಕಾಲ ಸುಟ್ಟಿದೆ. ಊಟದ ಹಾಸಿನ ಸುತ್ತ ಎಲ್ಲರೂ ಕೂತು ಯಾರೋ ಏನೋ ಹೇಳಿ ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಅವಳೂ ನಗುತ್ತಿದ್ದಳು. ನಮಗಿಂತ ಒಂದು ಕ್ಷಣ ತಡವಾಗಿ, ತುಟಿಯಲ್ಲಿ ಮಾತ್ರ. ಗುರುತಿಲ್ಲದ ಮನೆಗೆ ಹೋದ ನೆಂಟರು ನಗುತ್ತಾರಲ್ಲ, ಹಾಗೆ. ‘ಏನಾಯ್ತು?’ ಎಂದು ಕೈಯಲ್ಲಿ ಕೇಳಿದರೆ ನಾವು ‘ಆಮೇಲೆ ಹೇಳ್ತೀವಿ’ ಎನ್ನುತ್ತಿದ್ದೆವು. ಆ ಆಮೇಲೆ ಬರುತ್ತಲೇ ಇರಲಿಲ್ಲ. ನನ್ನ ಮನೆಯಲ್ಲಿ ನನ್ನ ಮಗಳ ಮುಖದ ಮೇಲೆ ನೆಂಟರ ನಗು.

ಮದುವೆ ಗೊತ್ತಾಯಿತು. ಹುಡುಗ ಟಿಲೆಕ್ ಅವಳ ಶಾಲೆಯವನೇ, ಅವನಿಗೂ ಕಿವಿ ಕೇಳಿಸುವುದಿಲ್ಲ. ಬಡಗಿ, ಒಳ್ಳೆಯ ಹುಡುಗ, ಊಟ ಮಾತ್ರ ಹಕ್ಕಿಯಷ್ಟು. ಸೆಪ್‌ಗೆ ಏನೇನು ಬೇಕು ಎಂದು ನಾನು ಬೆರಳು ಮಡಿಸುತ್ತಾ ಕೂತಿದ್ದಾಗ ಮೀರಿಮ್ ನನ್ನ ಬೆರಳು ಹಿಡಿದು ನಿಲ್ಲಿಸಿದಳು.

‘‘ಬೀರು ಬೇಡಮ್ಮ,’’ ಎಂದು ಕೈಯಲ್ಲಿ ಹೇಳಿದಳು. ‘‘ಬೀರು ಟಿಲೆಕ್ ಮಾಡ್ಕೊಡ್ತಾನೆ. ನನಗೆ ಅಪ್ಪನ ಕರಿ ಪೆಟ್ಟಿಗೆ ಬೇಕು.’’

‘‘ಅಯ್ಯೋ, ಅದು ಕ್ಲಬ್ಬಿನ ಹಿಂದಿನ ಕೊಟ್ಟಿಗೇಲಿ ಬಿದ್ದಿದೆ ಕಣೇ. ತಗೊಂಡು ಏನ್ ಮಾಡ್ತೀಯ?’’

‘‘ನನ್ನ ಕಳಿಸಿಕೊಡೋ ದಿನ ಕುಣೀಬೇಕು. ನಾನು, ಟಿಲೆಕ್, ನಮ್ಮ ಶಾಲೆಯೋರು.’’

‘‘ಬಣ್ಣದ ದೀಪ ಇರೋ ಹೊಸ ಸ್ಪೀಕರ್ ಬಾಡಿಗೆಗೆ ತರಿಸೋಣ.’’

ಅವಳು ಮೂಗು ಮುರಿದಳು. ‘‘ಗೆಳತಿ ಮದುವೇಲಿ ಅದೇ ಇತ್ತು. ಕಿವಿ ಇರೋರೆಲ್ಲ ಕಿವಿ ಮುಚ್ಕೊಂಡಿದ್ರು, ನಮಗೆ ಒಂದು ಏಟೂ ಸಿಗ್ಲಿಲ್ಲ. ಬೇರೆಯೋರ ಕಾಲು ನೋಡ್ಕೊಂಡು ಕುಣಿದ್ವಿ. ಹಾಡು ಮುಗಿದಿತ್ತು, ನಾವಿನ್ನೂ ಕುಣೀತಾ ಇದ್ವಿ.’’ ಹೇಳಿ ನಕ್ಕಳು. ಅದೇ ನಗು. ನಾನು ಎದ್ದು ಹೋಗಿ ಅವರಪ್ಪನನ್ನು ಕರೆದೆ.

ಮುದುಕ ಅವತ್ತೇ ಕ್ಲಬ್ಬಿನವರನ್ನು ಕೇಳಿ ಪೆಟ್ಟಿಗೆಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬಂದ. ಅಂಗಳದಲ್ಲಿಟ್ಟು ಸದ್ದು ಹೊರಡಿಸುವ ದೊಡ್ಡ ಕೋನುಗಳನ್ನು ಬಿಚ್ಚಿದರೆ ಒಳಗೆ ಇಲಿಗಳ ಸಂಸಾರ. ಮೊದಲು ಒಳಗೆ ತೆಳುಬಟ್ಟೆಯ ಚೀಲದಲ್ಲಿ ಹತ್ತಿ ಇತ್ತಂತೆ. ಅದನ್ನೆಲ್ಲಾ ಇಲಿಗಳು ಹಾಸಿಗೆ ಮಾಡಿಕೊಂಡು ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದವು. ಅವುಗಳನ್ನು ಓಡಿಸಿ, ಪೆಟ್ಟಿಗೆ ಗುಡಿಸಿ, ತಂತಿ ಬೆಸುಗೆ ಹಾಕಿ, ಅಂಗಳದಿಂದ ಒಳಗೊಯ್ದು ದೊಡ್ಡ ಕೋಣೆಯ ಹಲಗೆ ನೆಲದ ಮೇಲಿಟ್ಟ. ಹಳೆಯ ಕ್ಲಬ್ಬಿನ ವಾಲ್ಟ್ಸ್ ಕುಣಿತದ ಕ್ಯಾಸೆಟ್ ಹಾಕಿದ.

ಸದ್ದೇನೋ ಬಂತು. ಖಾಲಿ ಹಂಡೆಗೆ ಕೋಲಿನಿಂದ ಬಡಿದ ಹಾಗೆ. ಕಿಟಕಿಯ ಗಾಜು, ಕಪಾಟಿನ ಬಟ್ಟಲು ಎಲ್ಲಾ ನಡುಗಿದವು. ಮೀರಿಮ್ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಬರಿಗಾಲಲ್ಲಿ ನಿಂತಳು. ಹುಬ್ಬು ಗಂಟಿಕ್ಕಿದಳು.

‘‘ದೊಡ್ಡದಾಗಿದೆ, ಆದ್ರೆ ಎಲ್ಲಾ ಒಂದರ ಮೇಲೊಂದು ಬೀಳ್ತಿದೆ,’’ ಎಂದಳು. ‘‘ಕುರಿದೊಡ್ಡಿ ಬಾಗಿಲು ತೆಗೆದ್ರೆ ಎಲ್ಲಾ ಕುರಿ ಒಟ್ಟಿಗೆ ನುಗ್ಗತ್ತಲ್ಲ, ಹಾಗೆ. ಒಂದೊಂದೇ ಕುರಿ ಬರ್ಬೇಕು.’’

ಮುದುಕ ತೊಡೆ ತಟ್ಟಿಕೊಂಡ. ‘‘ನೋಡಿದ್ಯಾ? ನನ್ ಕಿವಿಗಿಂತ ಇವಳ ಕೈ ಚುರುಕು. ಲೇ ಮುದುಕಿ, ಒಂದಿಷ್ಟು ಉಣ್ಣೆ ಕೊಡೇ. ಒಳಗಡೆ ಗೋಡೆಗೆ ತೆಳ್ಳಗೆ ಹಚ್ಚಿದ್ರೆ ಸದ್ದು ಒಳಗೇ ಸುತ್ತು ಹೊಡೆಯೋದು ನಿಲ್ಲತ್ತೆ.’’

‘‘ಉಣ್ಣೆಗೇನು ಬರವೇ ನಮ್ಮನೇಲಿ? ಎಷ್ಟು ಬೇಕೋ ತಗೊಳ್ಳಿ.’’

‘‘ಎಷ್ಟು ಬೇಕೋ ಅಷ್ಟೇ. ಬಂದ್ಮೇಲೆ ನೋಡ್ತೀನಿ,’’ ಎಂದು ಅವನು ಕೋನುಗಳನ್ನು ಮತ್ತೆ ಬಿಚ್ಚಿ, ಪೆಟ್ಟಿಗೆಗಳನ್ನು ಅಂಗಳಕ್ಕೆ ತಂದಿಟ್ಟು, ಕೋನಿನ ಅಂಚಿಗೆ ಹಚ್ಚುವ ಅಂಟು ತರಲು ಬಾಲಿಕ್ಚಿ ಪೇಟೆಗೆ ಹೋದ. ಆ ಎರಡು ಮಾತಿನ ನಡುವಿನ ವ್ಯತ್ಯಾಸ ನನಗೆ ಆಗ ತಿಳಿಯಲಿಲ್ಲ.

ಮರುದಿನ ನಮ್ಮ ಮನೆಯಲ್ಲಿ ಹಾಸಿಗೆ ಹೊಲಿಯುವ ಕೆಲಸ. ಬೀದಿಯ ಹೆಂಗಸರೆಲ್ಲ ಬಂದಿದ್ದರು. ಅಂಗಳದಲ್ಲಿ ತೊಗಲು ಹಾಸಿ, ಉಣ್ಣೆ ಗುಡ್ಡೆ ಹಾಕಿ, ಎರಡೂ ಕೈಯಲ್ಲಿ ಕಡ್ಡಿ ಹಿಡಿದು ಬಡಿಯುತ್ತಾ ಹಿಂಜುತ್ತಿದ್ದರು. ಎಲ್ಲರಿಗಿಂತ ಎತ್ತರದ ಜಾಗದಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದವಳು ಸೀಲ್ಕನ್ ಎಜೆ. ಎಜೆ ಎಂದರೆ ಅಕ್ಕ; ನಮ್ಮ ಮುದುಕನ ಅಕ್ಕ, ವಂಶಕ್ಕೇ ಹಿರಿಯಳು. ಮೂಗಿನ ತುದಿಯಲ್ಲಿ ಕೋಪ, ತಲೆಚೌಕದ ತುದಿಯಲ್ಲಿ ಯಾವಾಗಲೂ ಮಕ್ಕಳಿಗೆಂದು ಸಕ್ಕರೆ ತುಂಡು. ಅವಳಿಗೆ ಸ್ವಂತ ಮಕ್ಕಳಿಲ್ಲ. ಮೀರಿಮ್ ರಜೆಗೆ ಬಂದರೆ ಮೊದಲ ಕೆನೆ ಅವಳ ಮನೆಯಲ್ಲೇ ತಿನ್ನಬೇಕು, ಇಲ್ಲದಿದ್ದರೆ ವಾರವಿಡೀ ನನ್ನ ಜೊತೆ ಮಾತಿಲ್ಲ.

ನಾನು ಒಳಗೆ ಹಿಟ್ಟಿನ ತುಂಡು ಎಣ್ಣೆಗೆ ಬಿಟ್ಟು ಬೋರ್ಸೋಕ್ ಕರಿಯುತ್ತಿದ್ದೆ. ಹೊರಗೆ ಎಜೆಯ ದನಿ ಏರಿತು.

‘‘ಇದೇನಿದು ಬಾಯಿ ತೆಕ್ಕೊಂಡು ಕೂತಿರೋದು?’’

‘‘ಸೆಪ್ ಪೆಟ್ಟಿಗೆ ಅಂತೆ ಎಜೆ. ಮೀರಿಮ್ ಕೇಳಿದ್ಳಂತೆ,’’ ಎಂದಳು ಒಬ್ಬಳು.

‘‘ಒಳಗೇನೂ ಇಲ್ವಲ್ಲೇ!’’

‘‘ಉಣ್ಣೆ ಹಾಕ್ಬೇಕಂತೆ. ಇನ್ನೂ ಹಾಕಿಲ್ಲ.’’

‘‘ಹಾಕ್ಬೇಕಂತೆ! ನೆರೆಮನೆಗೆ ತಟ್ಟೆ ವಾಪಸ್ ಕೊಡೋವಾಗ್ಲೂ ಖಾಲಿ ಕೊಡಲ್ಲ ನಾವು, ನಮ್ಮ ಹುಡುಗಿ ಖಾಲಿ ಪೆಟ್ಟಿಗೆ ಹೊತ್ಕೊಂಡು ಹೋಗ್ತಾಳಾ? ಬೀಗರು ಮುಚ್ಚಳ ತೆಗೆದು ನೋಡಿದ್ರೆ ಏನಂದಾರು? ಏಳ್ರೇ!’’

ಎದ್ದರು. ಏಳದೆ ಉಂಟೇ? ಶರತ್ಕಾಲದಲ್ಲಿ ಕತ್ತರಿಸಿದ ಮರಿಕುರಿಯ ಉಣ್ಣೆ, ಹಾಸಿಗೆಗೆಂದು ನಾನು ಮುಚ್ಚಿಟ್ಟಿದ್ದ ಅತ್ಯುತ್ತಮ ಉಣ್ಣೆ, ಅದನ್ನೇ ತಂದರು. ಪ್ರತಿಯೊಬ್ಬಳೂ ತನ್ನ ಕೈಯಾರೆ ಒಂದೊಂದು ಮಡಿಲು ಹಾಕಿದಳು. ತುಂಬಿತು. ಇನ್ನೂ ಹಿಡಿಯುತ್ತದೆ ಎಂದಳು ಎಜೆ. ಮೊಣಕೈ ಹಾಕಿ ಒತ್ತಿದರು, ಮೊಣಕಾಲಿಟ್ಟು ಒತ್ತಿದರು. ಇನ್ನೂ ಹಿಡಿಯಿತು. ನಾನು ಬೋರ್ಸೋಕ್ ತಟ್ಟೆ ಹಿಡಿದು ಬಂದು ನೋಡಿದಾಗ ಪೆಟ್ಟಿಗೆಗಳು ಹೊಟ್ಟೆ ತುಂಬಾ ಉಂಡ ಬೀಗರಂತೆ ಕೂತಿದ್ದವು. ಮುಂಭಾಗದ ಕೆಳಗೊಂದು ಮುಷ್ಟಿಯಗಲದ ತೂತಿತ್ತು. ಮತ್ತೆ ಇಲಿ ನುಗ್ಗೀತು ಎಂದು ಎಜೆ ಅದನ್ನೂ ಉಣ್ಣೆಯಿಂದ ಗಟ್ಟಿಯಾಗಿ ಬಿಗಿದಿದ್ದಳು. ನನಗೋ ಹೆಮ್ಮೆಯೇ ಹೆಮ್ಮೆ. ಆಮೇಲೆ ಎಲ್ಲರೂ ಅಂಗೈ ಬಿಚ್ಚಿದೆವು. ‘‘ಈ ಉಣ್ಣೆಯಷ್ಟು ಬೆಚ್ಚಗೆ ಇರಲಿ, ಈ ಕುರಿಗಳಷ್ಟು ಮಕ್ಕಳಾಗಲಿ,’’ ಎಂದು ಎಜೆ ಹರಸಿದಳು. ಓಮಿನ್, ಹಾಗೇ ಆಗಲಿ, ಎಂದು ಮುಖ ಸವರಿಕೊಂಡೆವು.

ಸಂಜೆ ಮುದುಕ ಬಂದ. ಪೆಟ್ಟಿಗೆ ನೋಡಿ ಅವನ ಮುಖ ಹುಳ್ಳಗಾಯಿತು. ಕೋನಿಗೆ ಅಂಟು ಹಚ್ಚಿ, ಒಣಗಿಸಿ, ಸ್ಕ್ರೂ ತಿರುಗಿಸಿ ಕೂರಿಸಿ, ಪೆಟ್ಟಿಗೆಗಳನ್ನು ಕೋಣೆಗೊಯ್ದು, ಅದೇ ವಾಲ್ಟ್ಸ್ ಹಾಕಿದ. ಹೆಂಗಸರೆಲ್ಲ ಕೋಣೆಯ ಗೋಡೆಗೊರಗಿ ಕೂತು ಕಾದರು.

ಹತ್ತು ಕೌದಿ ಹೊದ್ದು ಮಲಗಿದವನು ಗೊಣಗಿದ ಹಾಗೆ ಒಂದು ದನಿ ಬಂತು. ಅಷ್ಟೇ. ಕಿಟಕಿಯ ಗಾಜೂ ಅಲುಗಲಿಲ್ಲ.

ಮೀರಿಮ್ ಅಂಗೈ ಇಟ್ಟಳು. ಎರಡೂ ಅಂಗೈ ಇಟ್ಟಳು. ಕೆನ್ನೆಯಿಟ್ಟಳು. ಬಹಳ ಹೊತ್ತು ಹಾಗೇ ಇದ್ದು, ಕೈ ತೆಗೆದು, ಗೋಡೆಗೊರಗಿದ್ದ ಹೆಂಗಸರ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಬಗ್ಗಿ ವಂದಿಸಿದಳು. ಮುಖದ ತುಂಬಾ ನೆಂಟರ ನಗು. ಹೆಂಗಸರು ಖುಷಿಯಾಗಿ ಚಪ್ಪಾಳೆ ತಟ್ಟಿದರು.

‘‘ಏನ್ ಮಾಡಿಟ್ಟಿದ್ದೀರಿ ಎಜೆ?’’ ಎಂದ ಮುದುಕ, ಹೆಂಗಸರೆಲ್ಲ ಹೋದ ಮೇಲೆ. ‘‘ಈ ತೂತಿಂದಾನೇ ಪೆಟ್ಟಿಗೆ ಉಸಿರಾಡೋದು. ಮೂಗು ಬಾಯಿ ಎರಡೂ ಕಟ್ಟಿಬಿಟ್ಟಿದ್ದೀರಲ್ಲ!’’

‘‘ಪೆಟ್ಟಿಗೆ ಉಸಿರಾಡತ್ತಂತೆ! ನಿನಗೆ ವಯಸ್ಸಾಯ್ತು ತಮ್ಮಾ.’’

‘‘ಉಣ್ಣೆ ಸ್ವಲ್ಪ ಇದ್ರೆ ಸದ್ದು ಒಂದು ಹದಕ್ಕೆ ಬರತ್ತೆ. ತುರುಕಿದ್ರೆ ಸತ್ತೇ ಹೋಗತ್ತೆ. ಮುಕ್ಕಾಲು ಪಾಲು ತೆಗೀಬೇಕು.’’

‘‘ತೆಗೀತೀಯಾ?’’ ಎಜೆ ಎದ್ದು ನಿಂತಳು. ‘‘ಹರಸಿ ತುಂಬಿದ ಸೆಪ್ ಬಿಚ್ಚಿ ಉಣ್ಣೆ ತೆಗೀತೀಯಾ? ನನ್ನ ಹಾಸಿಗೆ ಬಿಚ್ಚಿದ್ರು, ಗೊತ್ತಲ್ಲ ನಿನಗೆ? ಅತ್ತೆ ಮನೆ ಹೊಸಿಲು ದಾಟಿ ವಾರ ಆಗಿರ್ಲಿಲ್ಲ. ನಮ್ಮಮ್ಮ ತುಂಬಿದ ಉಣ್ಣೆ ತೆಗೆದು ಅವರ ಮಗಳ ಸೆಪ್‌ಗೆ ತುಂಬಿದ್ರು. ಆಮೇಲೆ ನನ್ನ ಮಡಿಲು ಏನಾಯ್ತು? ನೀನೇ ನೋಡಿದ್ದೀಯ. ಖಾಲಿ.’’ ಅವಳ ದನಿ ಒಡೆಯಿತು. ‘‘ನನ್ನ ಕಣ್ಣೆದುರಿಗೆ ಈ ಮಗೂಗೆ ಹಾಗಾಗಕ್ಕೆ ಬಿಡಲ್ಲ. ತೆಗೆದ್ರೆ ನಾನು ನಿಮ್ಮ ಊಟಕ್ಕೂ ಬರಲ್ಲ, ನಿಮ್ಮ ಹೊಸಿಲೂ ತುಳಿಯಲ್ಲ.’’

ಬಾಗಿಲು ಧಡಾರನೆ ಹಾಕಿಕೊಂಡು ಹೋದಳು. ಮುದುಕ ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ಕೂತ. ಎಜೆಯ ನಂಬಿಕೆ ಮೂಢವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಆ ನಂಬಿಕೆಯ ಕೆಳಗಿದ್ದ ನೋವು ನಿಜ. ಅವಳಿಲ್ಲದೆ ಈ ಮನೆಯಲ್ಲಿ ಹೆಣ್ಣು ಕಳಿಸಿಕೊಡುವುದು ಹೇಗೆ?

ಬೆಳಗ್ಗೆ ನಾನು ಹಸು ಕರೆಯುತ್ತಿದ್ದಾಗ ಅವನು ಬಂದು ಕಂಬಕ್ಕೊರಗಿದ.

‘‘ಯಾರಿಗೂ ಹೇಳದೆ ತೆಗೆದುಬಿಡ್ತೀನಿ. ಸ್ಕ್ರೂ ಹಾಕಿದ್ಮೇಲೆ ಒಳಗೆ ಏನಿದೆ ಅಂತ ಎಜೆಗೆ ಹೇಗೆ ಗೊತ್ತಾಗತ್ತೆ?’’

‘‘ಸದ್ದು ಬಂದ ಕೂಡ್ಲೇ ಗೊತ್ತಾಗತ್ತೆ. ನೀವೇ ತಾನೇ ನಿನ್ನೆ ಪಾಠ ಹೇಳಿದ್ದು, ಉಣ್ಣೆ ತೆಗೆದ್ರೆ ಸದ್ದು ಬರತ್ತೆ ಅಂತ?’’

‘‘ಮತ್ತೆ ಹಾಗೇ ಬಿಡೋಣ ಅಂತೀಯಾ?’’

‘‘ಹಾಗಂದ್ನಾ?’’

‘‘ಏನಂದೆ ಮತ್ತೆ? ಅಡ್ಡಗೋಡೆ ಮೇಲೆ ದೀಪ ಇಡ್ತಾ ಕೂತಿದ್ದೀಯ!’’

‘‘ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ ಯೋಚಿಸ್ತಿದ್ದೀನಿ. ನೀವು ಕೂಗಾಡ್ಬೇಡಿ, ಹಸು ಹಾಲು ಏರಿಸ್ಕೊಳ್ಳತ್ತೆ!’’

ನನ್ನ ಬೆನ್ನಿಗೆ ಯಾರೋ ಬೆರಳಿನಿಂದ ಚುಚ್ಚಿದರು. ಮೀರಿಮ್. ನಮ್ಮಿಬ್ಬರ ಬಾಯಿಗಳನ್ನು ನೋಡುತ್ತಾ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ‘‘ಏನು ಜಗಳ?’’

ನಾನು ಅಭ್ಯಾಸಬಲದಿಂದ ಕೈಯಾಡಿಸಿದೆ. ‘‘ಏನಿಲ್ಲ. ಆಮೇಲೆ ಹೇಳ್ತೀನಿ.’’

ಅವಳು ನನ್ನ ಕೈಯನ್ನು ಗಾಳಿಯಲ್ಲೇ ಹಿಡಿದಳು. ‘‘ನಾಳಿದ್ದು ನಾನು ಈ ಮನೆಯಿಂದ ಹೋಗ್ತೀನಮ್ಮ. ಇನ್ಯಾವ ಆಮೇಲೆ? ಈಗ ಹೇಳು.’’

ಹಾಲಿನ ಬಕೆಟ್ಟು ಅಲ್ಲೇ ಬಿಟ್ಟು ಹೇಳಿದೆವು. ನನ್ನ ಕೈ ತೊದಲಿದಲ್ಲಿ ಅವರಪ್ಪ ಸೇರಿಸಿದ. ಎಜೆಯ ಹಾಸಿಗೆ ಬಿಚ್ಚಿದ ಕತೆ ಅವಳಿಗೆ ಗೊತ್ತೇ ಇರಲಿಲ್ಲ. ಇಡೀ ಬೀದಿಗೆ ಗೊತ್ತಿದ್ದ ಕತೆ, ಆ ಎಜೆಯ ಕೈಯಿಂದ ಕೆನೆ ತಿಂದು ಬೆಳೆದವಳಿಗೆ ಯಾರೂ ಹೇಳಿರಲಿಲ್ಲ. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತು ಯೋಚಿಸಿದಳು. ಆಮೇಲೆ ಎದ್ದು ತಲೆಗೆ ಬಿಳಿ ಚೌಕ ಕಟ್ಟಿಕೊಂಡು ಎಜೆಯ ಮನೆಯ ಕಡೆ ಹೊರಟಳು.

ಹೇಗೆ ಒಪ್ಪಿಸಿದಳೋ ಕಾಣೆ, ಸ್ವಲ್ಪ ಹೊತ್ತಿಗೆ ಎಜೆಯನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಎಜೆ ನನ್ನ ಮುಖವನ್ನೂ ನೋಡಲಿಲ್ಲ. ‘‘ನಾನಾಗಿ ಬರ್ಲಿಲ್ಲ, ಮಗು ಎಳ್ಕೊಂಡು ಬಂತು,’’ ಎಂದು ಬಾಗಿಲಿಗೆ ಹೇಳಿದಳು. ಬೀದಿಯ ಹೆಂಗಸರಿಗೆ ಮೂಗಿರುವುದೇ ಇಂಥದ್ದಕ್ಕೆ. ಅವರೂ ಒಬ್ಬೊಬ್ಬರಾಗಿ ಒಳಗೆ ಸೇರಿಕೊಂಡರು.

ಮೀರಿಮ್ ಅಪ್ಪನಿಗೆ ವಾಲ್ಟ್ಸ್ ಹಾಕುವಂತೆ ಹೇಳಿ, ಎಜೆಯ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು, ಪಕ್ಕದಲ್ಲಿ ತನ್ನ ಅಂಗೈಯಿಟ್ಟಳು. ಇಬ್ಬರೂ ಕಾದರು. ಎಜೆಯ ಹುಬ್ಬು ಮೇಲೇರಿತು.

‘‘ಏನೂ ಇಲ್ಲ,’’ ಎಂದಳು ಎಜೆ.

ಮೀರಿಮ್ ತಲೆಯಾಡಿಸಿದಳು. ‘‘ನನಗೂ ಏನೂ ಇಲ್ಲ,’’ ಎಂದು ಕೈಯಲ್ಲಿ ಹೇಳಿದಳು. ‘‘ನಿನ್ನೆ ನಾನು ಸುಳ್ಳು ನಕ್ಕೆ.’’ ನಾನು ಅದನ್ನು ಬಾಯಲ್ಲಿ ಹೇಳಿದೆ.

ಆಮೇಲೆ ಅವಳೇ ಸ್ಕ್ರೂ ಬಿಚ್ಚಿದಳು. ಕೋನನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಕೈ ಹಾಕಿದಳು. ಎಜೆ ‘‘ಅಯ್ಯೋ!’’ ಎಂದು ಮುಂದೆ ಬಂದಳು. ಮೀರಿಮ್ ಒಂದು ಹಿಡಿ ಉಣ್ಣೆ ತೆಗೆದು, ತನ್ನ ತಲೆಯ ಬಿಳಿ ಚೌಕ ಬಿಚ್ಚಿ ಅದರಲ್ಲಿ ಗಂಟು ಕಟ್ಟಿ, ಎರಡೂ ಕೈಯಲ್ಲಿ ಎಜೆಯ ಮುಂದೆ ಹಿಡಿದಳು. ಬಾಯಿ ತೆರೆದು, ಅವಳಿಗೆ ಬರುವ ಕೆಲವೇ ಮಾತುಗಳಲ್ಲಿ ಒಂದನ್ನು, ದನಿಯಲ್ಲೇ ಹೇಳಿದಳು:

‘‘ತೆಬೆರಿಕ್.’’

ನಮ್ಮಲ್ಲಿ ಶುಭದ ಮನೆಯಿಂದ, ನೂರು ವರ್ಷ ಕಂಡ ಹಿರಿಯರ ಕೈಯಿಂದ, ಮದುವಣಗಿತ್ತಿಯ ಕೈಯಿಂದ ಬಂದ ತೆಬೆರಿಕ್ಕನ್ನು ಬೇಡವೆನ್ನುವವರು ಇನ್ನೂ ಹುಟ್ಟಿಲ್ಲ. ಒಂದು ತುಂಡು ಬಟ್ಟೆಯಾಗಲಿ, ಒಂದು ಚೂರು ರೊಟ್ಟಿಯಾಗಲಿ, ಆ ಶುಭ ನಮ್ಮ ಮನೆಗೂ ಬರಲಿ ಎಂದು ಕಣ್ಣಿಗೊತ್ತಿಕೊಂಡು ಒಯ್ಯುತ್ತೇವೆ.

ಮೀರಿಮ್ ಕೈಯಲ್ಲಿ ಮಾತಾಡಿದಳು, ನಾನು ಬಾಯಾದೆ. ‘‘ಅತ್ತೇ, ನಿಮ್ಮ ಹಾಸಿಗೆಯಿಂದ ಅವರು ಕಿತ್ಕೊಂಡ್ರು. ನನ್ನ ಪೆಟ್ಟಿಗೆಯಿಂದ ಯಾರೂ ಕಿತ್ಕೊಳ್ತಿಲ್ಲ. ನಾನೇ ಕೊಡ್ತಿದ್ದೀನಿ. ಕೊಟ್ಟದ್ದು ಕಡಿಮೆ ಆಗತ್ತಾ?’’

ಎಜೆ ಗಂಟನ್ನು ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು, ಒತ್ತಿಕೊಂಡೇ ನಿಂತಳು, ಅದರ ಹಿಂದೆ ಅಳುತ್ತಿದ್ದಾಳೆಂದು ಭುಜ ಹೇಳುತ್ತಿತ್ತು. ‘‘ನನ್ನಿಂದ ತಗೊಂಡೋರೇ ಎಲ್ಲಾ,’’ ಎಂದಳು. ‘‘ಸೆಪ್ ಉಣ್ಣೆ ನನಗೆ ಕೊಟ್ಟೋಳು ನೀನೇ ಮೊದಲು.’’ ಆಮೇಲೆ ಮೂಗು ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಗದರಿದಳು, ‘‘ಏನ್ರೇ ಬಾಯಿ ಬಿಟ್ಕೊಂಡು ನೋಡ್ತಿದ್ದೀರ? ಸಾಲಲ್ಲಿ ನಿಂತ್ಕೊಳ್ಳಿ!’’

ಅಲ್ಲಿಂದ ಶುರುವಾಯಿತು ನೋಡಿ ಜಾತ್ರೆ. ಮೀರಿಮ್ ಒಂದು ಹಿಡಿ ತೆಗೆಯುವುದು, ಬಂದವಳ ಚೌಕದಲ್ಲೇ ಕಟ್ಟಿ ಕೊಡುವುದು, ಅಪ್ಪ ಕೋನು ಕೂರಿಸುವುದು, ಹಾಡು ಹಾಕುವುದು, ಅವಳು ಅಂಗೈಯಿಟ್ಟು ತಲೆಯಾಡಿಸುವುದು, ಮತ್ತೆ ಬಿಚ್ಚುವುದು. ಮೊದಮೊದಲು ಏನೂ ಬದಲಾಗಲಿಲ್ಲ. ತೂತಿನ ಬಿರಡೆ ತೆಗೆದಾಗ ಒಂದು ನಿಟ್ಟುಸಿರು ಬಂತು. ಮದುವೆಗೆ ಬಂದ ಹೆಣ್ಣುಮಕ್ಕಳಿದ್ದ ತಾಯಂದಿರು ಎರಡು ಹಿಡಿ ಕೇಳಿದರು. ಮಕ್ಕಳಾಗದ ಸೊಸೆಯಿದ್ದವಳು ಮೂರು ಕೇಳಿದಳು. ಬೀದಿಯ ಆ ಕೊನೆಯಿಂದ, ನಿನ್ನೆ ಬಾರದೇ ಇದ್ದವರೂ ಬಂದು ಸಾಲು ಸೇರಿದರು. ನಮ್ಮ ಮುದುಕ ಬೆವರು ಒರೆಸಿಕೊಳ್ಳುತ್ತಾ, ‘‘ಸ್ಕ್ರೂ ತೂತು ಸವೆದು ಹೋಗ್ತಿದೆ ಕಣ್ರಮ್ಮಾ!’’ ಎಂದು ಗೊಣಗಿದ. ಆದರೆ ಅವನ ಮೀಸೆಯ ಕೆಳಗಿನ ನಗು ನನಗೆ ಕಂಡಿತು.

ಅರ್ಧಕ್ಕಿಂತ ಹೆಚ್ಚು ಖಾಲಿಯಾದ ಮೇಲೆ ನೆಲದ ಹಲಗೆ ಮಾತಾಡತೊಡಗಿತು. ನನ್ನ ಅಂಗಾಲಿಗೇ ತಿಳಿಯಿತು. ಮೀರಿಮ್‌ಗೆ ಸಾಲದು. ಒಳಗೆ ಗಟ್ಟಿಯಾಗಿ ಕೂತಿದ್ದ ಉಣ್ಣೆಯನ್ನು ಅಪ್ಪ ಮಗಳು ಬೆರಳಿನಿಂದ ಬಿಡಿಸಿ, ಹಿಂಜಿ, ಗೋಡೆಗಳಿಗೆ ತೆಳ್ಳಗೆ ಹರಡಿ, ತೆಳುಬಟ್ಟೆ ಹೊದಿಸಿ ಚಿಕ್ಕ ಮೊಳೆ ಹೊಡೆದರು. ಕೋನಿನ ಬೆನ್ನಿನಿಂದ ಆ ತೂತಿನವರೆಗೆ ದಾರಿ ಬಿಟ್ಟರು. ಹಾಡು ಹಾಕಿದರೆ ದನಿ ನೆಲದ ಹಲಗೆಗೆ ಇಳಿಯಿತು, ಆದರೆ ಕೊಂಚ ಉಬ್ಬಿತ್ತು. ಮೂಲೆಯಲ್ಲಿ ಒಂದು ಚಿಟಿಕೆ ಸೇರಿಸಿದರು. ಹೆಚ್ಚಾಯಿತು, ಅರ್ಧ ಚಿಟಿಕೆ ತೆಗೆದರು. ಉಪ್ಪು ನೋಡುವವರ ಹಾಗೆ. ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು, ಯಾವ ನಾಟಕಕ್ಕೂ ಇಷ್ಟು ಸುಮ್ಮನೆ ಕೂತವರಲ್ಲ.

ಇದ್ದಕ್ಕಿದ್ದಂತೆ ಮೀರಿಮ್ ಕೈ ಮೇಲೆತ್ತಿದಳು. ಕಣ್ಣು ಮುಚ್ಚಿದ್ದವು. ಇನ್ನೊಂದು ಕೈ ತೊಡೆಯ ಮೇಲೆ ಆಡುತ್ತಿತ್ತು: ಒಂದು ಕುರಿ, ಇನ್ನೊಂದು ಕುರಿ, ಮತ್ತೊಂದು ಕುರಿ.

‘‘ಸಾಕು,’’ ಎಂದಳು.

‘‘ಅಯ್ಯೋ, ನಾನಿನ್ನೂ ತಗೊಂಡಿಲ್ಲ!’’ ಎಂದಳು ಸಾಲಿನಲ್ಲಿದ್ದವಳು.

‘‘ಇನ್ನೊಂದು ಎಳೆ ತೆಗೆದ್ರೂ ಕೈ ಮುರೀತೀನಿ,’’ ಎಂದ ಮುದುಕ. ‘‘ಎರಡನೇ ಪೆಟ್ಟಿಗೆ ಇದೆಯಲ್ಲ, ಅಲ್ಲಿ ನಿಂತ್ಕೊಳ್ಳಿ.’’

ಎರಡನೆಯದೂ ಮುಗಿಯಿತು. ಬೀದಿಯ ಪ್ರತಿ ಮನೆಗೂ ಒಂದು ಗಂಟು ಹೋಯಿತು. ಎಲ್ಲರಿಗೂ ಚಹ ಕೊಡುತ್ತಾ, ರೊಟ್ಟಿ ಮುರಿಯುತ್ತಾ, ಮಗಳ ಬಾಯಾಗಿ ಮಾತಾಡುತ್ತಾ ಇದ್ದ ನನಗೆ ಮಾತ್ರ ಸಾಲಿನಲ್ಲಿ ನಿಲ್ಲಲು ಆಗಲೇ ಇಲ್ಲ. ಹಂಚುವ ಮನೆಯವಳ ಹಣೆಬರಹವೇ ಅಷ್ಟು.

ಕಳಿಸಿಕೊಡುವ ದಿನ ಪೆಟ್ಟಿಗೆಗಳು ಮತ್ತೆ ಕ್ಲಬ್ಬಿನ ವೇದಿಕೆಯೇರಿದವು, ಕ್ಲಬ್ಬು ತುಂಬಿತು. ಮಗಳ ಶಾಲೆಯ ಗೆಳೆಯರು ನಗರದಿಂದ ಒಂದು ವ್ಯಾನಿನ ತುಂಬಾ ಬಂದಿದ್ದರು; ಒಳಗೆ ಬಂದವರೇ ವೇದಿಕೆಗೆ ಹತ್ತಿರದ ಮೇಜು ಹಿಡಿದು ಕೈಯಲ್ಲಿ ಹರಟತೊಡಗಿದರು. ಊಟವಾಯಿತು, ಹಾರೈಕೆಗಳಾದವು. ಮುದುಕ ಕೋಟು ಹಾಕಿಕೊಂಡು, ಹಳೆಯ ಶನಿವಾರಗಳಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ವಾಲ್ಟ್ಸ್ ಹಾಕಿದ.

ಮೊದಲ ಏಟಿಗೇ ಆ ಮೇಜಿನವರ ಕೈಗಳೆಲ್ಲ ಗಾಳಿಯಲ್ಲೇ ನಿಂತವು. ಒಬ್ಬ ಮೇಜಿನ ಮೇಲೆ ಅಂಗೈಯಿಟ್ಟ. ಇನ್ನೊಬ್ಬಳು ಬಗ್ಗಿ ಶೂ ಬಿಚ್ಚಿದಳು. ನೋಡುನೋಡುತ್ತಿದ್ದಂತೆ ಎಲ್ಲರೂ ಬರಿಗಾಲು. ಮೀರಿಮ್ ಮತ್ತು ಟಿಲೆಕ್ ನಡುವೆ ಬಂದು ನಿಂತರು. ಯಾರ ಕಾಲನ್ನೂ ನೋಡಲಿಲ್ಲ. ಹಲಗೆಗಳು ಅವರಿಗೆ ಹೇಳಿದವು, ಅವರು ಕುಣಿದರು. ಆಮೇಲೆ ಗೆಳೆಯರೂ ಸೇರಿದರು. ಕಿವಿಯಿರುವ ನಮ್ಮ ಹುಡುಗರೇ ತಾಳ ತಪ್ಪಿದರು. ಸೀಲ್ಕನ್ ಎಜೆ ನನ್ನ ಪಕ್ಕದಲ್ಲಿದ್ದವಳು ಚರ್ಮದ ಬೂಟು ಕಳಚಿ ಕಾಲುಚೀಲದಲ್ಲೇ ಹೋಗಿ ಆ ಗುಂಪಿನ ಅಂಚಿನಲ್ಲಿ ನಿಂತಳು. ಅವಳ ಎದೆಯ ಮೇಲೆ, ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡ ಪುಟ್ಟ ಉಣ್ಣೆಯ ಗಂಟು.

ನಾನು ಮಗಳ ಮುಖವನ್ನೇ ನೋಡುತ್ತಿದ್ದೆ. ಆ ನಗು ಇತ್ತೇ ಎಂದು ಹುಡುಕಿದೆ. ಇರಲಿಲ್ಲ. ಯಾವ ನಗುವೂ ಇರಲಿಲ್ಲ. ತುಟಿ ಸ್ವಲ್ಪ ತೆರೆದಿತ್ತು, ಹಣೆಯ ಮೇಲೆ ಬೆವರಿತ್ತು. ನಾವೆಲ್ಲ ನೋಡುತ್ತಿದ್ದೇವೆಂಬುದನ್ನೇ ಮರೆತಿದ್ದಳು. ನನ್ನ ಮಗಳು ನಮಗಾಗಿ ನಗುವುದನ್ನು ಮರೆತದ್ದು ಅವತ್ತೇ ಮೊದಲು. ನಾನು ತಲೆಚೌಕದ ತುದಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮಗಳು ಹೋಗುವ ದುಃಖಕ್ಕೆ ಅಳುತ್ತಿದ್ದೇನೆಂದು ಬೀಗಿತ್ತಿ ನನ್ನ ಬೆನ್ನು ಸವರಿದಳು. ಸವರಲಿ ಎಂದು ಬಿಟ್ಟೆ.

ಸಂಜೆ ಲಾರಿಗೆ ಹಾಸಿಗೆಗಳನ್ನು ಪೇರಿಸಿದರು, ಎಲ್ಲದರ ಕೊನೆಗೆ ಆ ಪೆಟ್ಟಿಗೆಗಳನ್ನು ಹೊತ್ತು ತಂದರು. ಅಷ್ಟರಲ್ಲಿ ಮೀರಿಮ್ ನನ್ನ ಖಾಲಿ ಕೈ ನೋಡಿದಳು. ಹಣೆ ಚಚ್ಚಿಕೊಂಡಳು.

‘‘ಅಮ್ಮಾ, ನಿನಗೆ ತೆಬೆರಿಕ್ ಕೊಡ್ಲೇ ಇಲ್ಲ!’’ ಎಂದವಳೇ ಅಪ್ಪನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡು ಲಾರಿ ಹತ್ತಿದಳು.

‘‘ಏಯ್, ಏಯ್, ಮುಟ್ಬೇಡ!’’ ಮುದುಕ ಎರಡೂ ಕೈ ಬೀಸುತ್ತಾ ಓಡಿದ. ‘‘ಒಂದು ಹಿಡಿ ತೆಗೆದ್ರೆ ಸದ್ದಿನ ಹದ ಕೆಟ್ಟುಹೋಗತ್ತೆ! ಲೇ ಮುದುಕಿ, ಹೇಳೇ ನಿನ್ ಮಗಳಿಗೆ!’’

ಅವಳು ಸ್ಕ್ರೂಡ್ರೈವರ್ ಹಿಡಿದು ನನ್ನನ್ನು ನೋಡಿದಳು. ಎಲ್ಲರೂ ನನ್ನನ್ನು ನೋಡಿದರು. ನನ್ನ ಸೋಮಾರಿ ಕೈಗಳನ್ನು ಎತ್ತಿದೆ. ಆ ದಿನ ಅವು ತೊದಲಲಿಲ್ಲ.

‘‘ನನ್ನ ಪಾಲು ಒಳಗೇ ಇರಲಿ ಮಗಳೇ,’’ ಎಂದೆ. ‘‘ನೀನು ಅಂಗೈ ಇಟ್ಟಾಗ ನಿನಗೆ ಸಿಗ್ತಾ ಇರ್ತೀನಿ.’’